ತೋಟ, ಮನೆ, ಠೇವಣಿ, ಪಾಲು: ಮಲೆನಾಡಿನ ಅನುಕೂಲಸ್ಥ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದಲ್ಲಿ ಕೂತು ಸುತ್ತಮುತ್ತಲಿನ ಕುಟುಂಬಗಳ ಲೆಕ್ಕಪತ್ರ, ಆಸ್ತಿ ಕಾಗದ ನೋಡಿಕೊಡುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದಲೂ ಜನ ಬರುತ್ತಾರೆ. ಬರುವವರಿಗೆ ಕೊರತೆ ಅಂತ ಏನೂ ಇರುವುದಿಲ್ಲ. ತೋಟ ಇದೆ, ಶಿವಮೊಗ್ಗದಲ್ಲಿ ಸೈಟಿದೆ, ಬೆಂಗಳೂರಿನಲ್ಲಿ ಮಗನ ಫ್ಲಾಟಿದೆ, ಸೊಸೈಟಿಯಲ್ಲಿ ಠೇವಣಿ ಇದೆ. ಆದರೆ ಹೆಚ್ಚಿನವರು ಬರುವುದು ಏನೋ ಒಂದು ಆದಮೇಲೆ. ಅದಕ್ಕಿಂತ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪಾಲಿನ ಬಗ್ಗೆ ಹೇಳಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬಗಳಿಗೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳ ನಿಯಮ ಬೇರೆ ಇದೆ. ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ನಿಮ್ಮ ಮನೆಯ ದಾಖಲೆಗಳನ್ನು ಒಬ್ಬ ವಕೀಲರಿಗೆ ತೋರಿಸಿ.

ನಮಗೆ ಎಂಟು ಎಕರೆ ತೋಟ ಇದೆ. ಸಾಲ ಇಲ್ಲ. ನಮಗೆಂಥ ಅಪಾಯ?

ಮೂರು ಪ್ರಶ್ನೆ ಕೇಳಿಕೊಳ್ಳಿ. ಮನೆಯ ಆದಾಯದಲ್ಲಿ ಎಷ್ಟು ಪಾಲು ಅಡಿಕೆಯೊಂದರಿಂದಲೇ ಬರುತ್ತದೆ? ಆಸ್ತಿಯಲ್ಲಿ ಎಷ್ಟು ಪಾಲು ಒಂದೇ ಊರಿನಲ್ಲಿದೆ? ಎಷ್ಟು ಕಾಗದ ಒಬ್ಬರೇ ವ್ಯಕ್ತಿಯ ಹೆಸರಿನಲ್ಲಿದೆ? ಮೂರಕ್ಕೂ "ಹೆಚ್ಚು ಕಮ್ಮಿ ಎಲ್ಲಾ" ಅನ್ನುವ ಉತ್ತರ ಬಂದರೆ ಸಾಲ ಇಲ್ಲದಿದ್ದರೂ ನೀವು ಗಟ್ಟಿಯಾಗಿಲ್ಲ. ಒಂದು ಕೆಟ್ಟ ಮಳೆಗಾಲ, ಒಂದು ರೋಗ, ಯಜಮಾನರಿಗೆ ಒಂದು ಹೃದಯಾಘಾತ. ಇದರಲ್ಲಿ ಒಂದಾದರೂ ಸಾಕು, ಮನೆ ಅಲ್ಲಾಡಿಬಿಡುತ್ತದೆ.

ನಾನು ನೋಡಿದ ಮಟ್ಟಿಗೆ ಇಲ್ಲಿನ ಕುಟುಂಬಗಳು ಜಾಸ್ತಿ ಕಳೆದುಕೊಂಡಿದ್ದು ಬೆಲೆ ಬಿದ್ದಿದ್ದರಿಂದಲ್ಲ. ಹೇಳದೇ ಬಿಟ್ಟ ಮಾತಿನಿಂದ, ಮಾಡಿಸದೇ ಬಿಟ್ಟ ಕಾಗದದಿಂದ. ಅದಕ್ಕೇ ಕಾಗದದ ಪ್ರಶ್ನೆಗಳನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಯಾರೂ ಕೇಳಿಲ್ಲ. ಈಗ ಬದಲಾಯಿಸಲೇಬೇಕಾ?

ಬದಲಾಯಿಸಲೇಬೇಕು, ಅದೂ ಈ ವರ್ಷವೇ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ಹೊರದೇಶದಲ್ಲಿ ಕೆಲಸ. ಅಪ್ಪ ತೀರಿಕೊಂಡಿದ್ದರು. ಹದಿಮೂರನೇ ದಿನದ ಊಟ ಮುಗಿಸಿ, ನೆಂಟರೆಲ್ಲ ಹೊರಟ ಮೇಲೆ ಮೆತ್ತಿನ ಮೇಲಿದ್ದ ಟ್ರಂಕನ್ನು ಕೆಳಗಿಳಿಸಿದ್ದಾನೆ. ಅದನ್ನೇ ಕಾರಿನಲ್ಲಿ ಹಾಕಿಕೊಂಡು ನನ್ನ ಹತ್ತಿರ ತಂದ. ಮುಚ್ಚಳ ತೆಗೆದರೆ ಡಾಂಬರು ಗುಳಿಗೆಯ ವಾಸನೆ. ಮೇಲೆ ಹಳೇ ಪಂಚಾಂಗಗಳು. ಕೆಳಗೆ ಕಂದಾಯದ ರಸೀದಿಗಳು ಸೆಣಬಿನ ದಾರದಲ್ಲಿ ಕಟ್ಟಿದ್ದು, ಮೂರು ಪಾಸ್ ಪುಸ್ತಕ, ಏಳು ವರ್ಷದ ಹಿಂದೆಯೇ ಅವಧಿ ಮುಗಿದ ಒಂದು ಠೇವಣಿ ಬಾಂಡು, ತಳದಲ್ಲಿ ಗೆದ್ದಲು ತಿಂದ ಕೈಬರಹದ ಪಾಲುಪಟ್ಟಿ. ಸಹಿ ಇದ್ದ ಮೂಲೆಯನ್ನೇ ಗೆದ್ದಲು ತಿಂದಿತ್ತು. ಪಹಣಿ ತೆಗೆಸಿ ನೋಡಿದರೆ ಅಜ್ಜನ ಹೆಸರು. ಅಜ್ಜನಿಗೆ ಐದು ಜನ ಮಕ್ಕಳು. ಅವರ ಮಕ್ಕಳು, ಮೊಮ್ಮಕ್ಕಳು ಸೇರಿ ವಂಶವೃಕ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಅವನಿಗೆ ರಜೆ ಇದ್ದದ್ದು ಇನ್ನು ಒಂಬತ್ತು ದಿನ.

ಹೆಸರು ಬದಲಾಗದಿದ್ದರೆ ಬೆಳೆ ಸಾಲ ಸಿಗುವುದು ಕಷ್ಟ, ಬೆಳೆ ವಿಮೆ, ಪರಿಹಾರ ಎಲ್ಲದಕ್ಕೂ ತೊಡಕು. ಮಾರುವುದಂತೂ ದೂರದ ಮಾತು. ಒಂದು ತಲೆಮಾರು ತಪ್ಪಿಸಿದರೆ ಸಹಿ ಹಾಕಬೇಕಾದವರ ಸಂಖ್ಯೆ ನಾಲ್ಕು ಪಟ್ಟು ಆಗುತ್ತದೆ. ಅವರಲ್ಲಿ ಒಬ್ಬರು ಮುನಿಸಿಕೊಂಡಿದ್ದರೂ ಸಾಕು, ಕೆಲಸ ನಿಂತಿತು.

ಮಾಡುವ ವಿಧಾನ ಹೀಗೆ. ಮರಣ ಆದ 21 ದಿನದೊಳಗೆ ನೋಂದಣಿ ಮಾಡಿಸಿ, ಆಗ ಶುಲ್ಕ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಹಿಡಿದು ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಅರ್ಜಿ ಕೊಡಿ. ನಿಮ್ಮ ಗ್ರಾಮ ಆಡಳಿತಾಧಿಕಾರಿಯನ್ನು, ನಾಡಕಚೇರಿಯನ್ನು ವಿಚಾರಿಸಿ. ಪೌತಿ ಖಾತೆ ಕಂದಾಯ ದಾಖಲೆ ಮಾತ್ರ, ಅದರಿಂದ ಪಾಲು ಆದಂತಾಗುವುದಿಲ್ಲ. ಪಾಲು ಆಗಬೇಕಾದರೆ ಅಳತೆ ಮಾಡಿಸಿ, 11ಇ ನಕ್ಷೆ (ಯಾವ ಭಾಗ ಯಾರಿಗೆ ಅಂತ ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ವಿಭಾಗಪತ್ರ ನೋಂದಾಯಿಸಬೇಕು. "ನಮ್ಮಲ್ಲಿ ಬಾಯಿಮಾತಿನಲ್ಲೇ ಪಾಲಾಗಿ ನಲವತ್ತು ವರ್ಷ ಆಯ್ತು" ಅನ್ನುವ ಮನೆಗಳು ಬಹಳ. ಆ ನಲವತ್ತು ವರ್ಷ ಕಂಡವರು ಬದುಕಿರುವಾಗಲೇ ಅದನ್ನು ಕಾಗದಕ್ಕೆ ತನ್ನಿ.

ಡಿಕ್ಲರೇಷನ್‌ನಲ್ಲಿ ಬಂದ ಜಮೀನು ದೊಡ್ಡಪ್ಪನ ಹೆಸರಿನಲ್ಲಿದೆ. ಅದರಲ್ಲಿ ನಮಗೆ ಪಾಲಿಲ್ವಾ?

ಇದು ನಮ್ಮ ಕಡೆಯದೇ ಪ್ರಶ್ನೆ. ಗೇಣಿದಾರ ರೈತರು ಭೂಮಾಲೀಕರ ವಿರುದ್ಧ ಎದ್ದ 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಸಾವಿರಾರು ಕುಟುಂಬಗಳು ನಮೂನೆ 7ರಲ್ಲಿ ಅರ್ಜಿ ಹಾಕಿ (ಡಿಕ್ಲರೇಷನ್ ಅನ್ನುವುದು ಇದನ್ನೇ) ಗೇಣಿ ಭೂಮಿಗೆ ಒಡೆಯರಾದವು. ಅರ್ಜಿ ಹಾಕಿದ್ದು ಮನೆಯ ಹಿರಿಯರು. ಹಕ್ಕು ಬಂದದ್ದೂ ಅವರ ಹೆಸರಿಗೇ. ಆದರೆ ಗೇಣಿ ಮಾಡುತ್ತಿದ್ದದ್ದು ಇಡೀ ಕುಟುಂಬ ಆಗಿದ್ದರೆ ಆ ಭೂಮಿಯೂ ಕುಟುಂಬದ್ದೇ ಅನ್ನುವ ವಾದಕ್ಕೆ ಬಲ ಇದೆ. ದೊಡ್ಡಪ್ಪ ಒಬ್ಬರೇ, ಬೇರೆಯಾದ ಮೇಲೆ, ಸ್ವಂತಕ್ಕೆ ಗೇಣಿ ಹಿಡಿದಿದ್ದರೆ ಕಥೆ ಬೇರೆ. ಭೂ ನ್ಯಾಯಮಂಡಳಿಯ (ಟ್ರಿಬ್ಯೂನಲ್) ಆದೇಶದ ನಕಲು, ಹಳೆಯ ಗೇಣಿ ಚೀಟಿ, ಆಗ ಯಾರು ಯಾರು ಒಟ್ಟಿಗಿದ್ದರು ಎನ್ನುವ ದಾಖಲೆ ತೆಗೆಸಿ. ಕೋರ್ಟಿಗೆ ಹೋಗುವ ಮೊದಲು ದೊಡ್ಡಪ್ಪನ ಮಕ್ಕಳ ಜೊತೆ ಒಂದು ದಿನ ಕೂತು ಮಾತಾಡಿ. ನಾನು ನೋಡಿದ ಇಂಥ ಜಗಳಗಳಲ್ಲಿ ಅರ್ಧ ಮಾತಿನಲ್ಲೇ ಮುಗಿಯಬಹುದಿತ್ತು.

ತೋಟದ ಜೊತೆ ಇರುವ ಸೊಪ್ಪಿನ ಬೆಟ್ಟ, ಬಗರ್ ಹುಕುಂ ಜಾಗ ನಮ್ಮ ಆಸ್ತಿಯೇ ಅಲ್ವಾ?

ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಗು (ಒಣ ಎಲೆ) ತರುವ ಬಳಕೆಯ ಸವಲತ್ತು. ಮಾಲೀಕತ್ವ ಅಲ್ಲ. ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಾಗದಲ್ಲಿ ಮಾಡುತ್ತಿರುವ ಸಾಗುವಳಿ, ಮಂಜೂರಾಗಿ ಸಾಗುವಳಿ ಚೀಟಿ ಕೈಗೆ ಬರುವವರೆಗೆ ಅದನ್ನು ಆಸ್ತಿಯ ಲೆಕ್ಕಕ್ಕೆ ಹಿಡಿಯಬೇಡಿ. ಶರಾವತಿ ಮುಳುಗಡೆಯಿಂದ ಎದ್ದುಬಂದ ಕುಟುಂಬಗಳು ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಅರವತ್ತು ವರ್ಷ ಆದಮೇಲೂ ಹಕ್ಕುಪತ್ರಕ್ಕೆ ಅಲೆಯುತ್ತಿರುವುದನ್ನು ನಾವೆಲ್ಲ ಕಣ್ಣಾರೆ ನೋಡುತ್ತಿದ್ದೇವೆ. ಇದ್ದ ಉಳಿತಾಯವನ್ನೆಲ್ಲ ಅಂಥ ಜಾಗದ ಮೇಲೆ ಮನೆ ಕಟ್ಟಿ ಹಾಕಬೇಡಿ.

ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಾಲಿದೆಯಾ?

ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ, ಹುಟ್ಟಿನಿಂದಲೇ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಇದು. ಆ ದಿನ ಅಪ್ಪ ಬದುಕಿರಬೇಕಿತ್ತಾ ಅನ್ನುವ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಬಗೆಹರಿಸಿತು: ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತ್ರ ಅದನ್ನು ಕೆದಕಲು ಬರುವುದಿಲ್ಲ.

"ಮದುವೆಗೆ ಖರ್ಚು ಮಾಡಿದೀವಲ್ಲ, ಬಂಗಾರ ಹಾಕಿದೀವಲ್ಲ" ಅನ್ನುವುದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಕ್ಕ ತಂಗಿಯರು ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಅದನ್ನು ಹಬ್ಬಕ್ಕೆ ಬಂದಾಗ ಅವಸರದಲ್ಲಿ, ಓದದೆ ಸಹಿ ಹಾಕಿಸುವ ಪದ್ಧತಿ ದಯವಿಟ್ಟು ಬಿಡಿ. ತಂಗಿಗೆ ಅರ್ಧ ಎಕರೆಯ ಬದಲು ಹಣ ಕೊಡುವ ಮನಸ್ಸಿದ್ದರೆ ಅದನ್ನೇ ಪತ್ರದಲ್ಲಿ ಬರೆದು, ಬ್ಯಾಂಕಿನ ಮೂಲಕ ಕೊಡಿ. ಹಾಗೆ ಮಾಡಿದ ಮನೆಗಳಲ್ಲಿ ಚೌತಿ ಹಬ್ಬಕ್ಕೆ ತಂಗಿ ಈಗಲೂ ಬರುತ್ತಾಳೆ.

ಉಯಿಲು ಬರೆಯಲು ನೋಂದಣಿ ಬೇಕಾ? ಛಾಪಾ ಕಾಗದ ಬೇಕಾ?

ಎರಡೂ ಕಡ್ಡಾಯ ಅಲ್ಲ. ಬಿಳಿ ಹಾಳೆ ಸಾಕು. ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರೇ ಸಾಕ್ಷಿ ಹಾಕದಿರುವುದು ಒಳ್ಳೆಯದು. ಸಾಕ್ಷಿಗಳು ನಿಮಗಿಂತ ಕಿರಿಯರಾಗಿರಲಿ. ಎಂಬತ್ತರ ಯಜಮಾನರ ಉಯಿಲಿಗೆ ಎಂಬತ್ತೆರಡರ ಗೆಳೆಯರು ಸಾಕ್ಷಿ ಹಾಕಿದರೆ ನಾಳೆ ಕೋರ್ಟಿನಲ್ಲಿ ಹೇಳುವವರು ಯಾರು? ಕಡ್ಡಾಯ ಅಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಅಂತಲೇ ನಾನು ಹೇಳುತ್ತೇನೆ. ವಯಸ್ಸಾದವರು ಬರೆಯುವಾಗ ವೈದ್ಯರಿಂದ ಮನಸ್ಥಿತಿ ಸರಿಯಿದೆ ಅನ್ನುವ ಚೀಟಿ ಪಡೆದಿಟ್ಟರೆ ಮುಂದೆ ಒಂದು ದೊಡ್ಡ ತಕರಾರು ತಪ್ಪುತ್ತದೆ.

ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ಲೆಕ್ಕ. ಒಂದು ವಿಷಯ ಮಾತ್ರ ಚೆನ್ನಾಗಿ ತಿಳಿದಿರಿ. ಸ್ವಯಾರ್ಜಿತ ಆಸ್ತಿಯನ್ನು ನಿಮಗೆ ಬೇಕಾದವರಿಗೆ ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನು ಮಾತ್ರ. ಮನೆಯ ಯಜಮಾನ ಅನ್ನುವ ಕಾರಣಕ್ಕೆ ಎಲ್ಲರ ಪಾಲನ್ನೂ ಒಬ್ಬ ಮಗನಿಗೆ ಬರೆದರೆ ಅದು ನಿಲ್ಲುವುದಿಲ್ಲ. "ಪ್ರೀತಿ ವಿಶ್ವಾಸದಿಂದ" ಅಂತ ಪಿತ್ರಾರ್ಜಿತ ಆಸ್ತಿಯನ್ನು ದಾನ ಮಾಡಲೂ ಬರುವುದಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಎಲ್ಲಾ ಖಾತೆಗೂ ನಾಮಿನಿ ಮಾಡಿದ್ದೇವೆ. ಅಷ್ಟು ಸಾಲದಾ?

ಸಾಲದು. ಬ್ಯಾಂಕು ಯಾರ ಕೈಗೆ ಹಣ ಕೊಡಬೇಕು ಅನ್ನುವುದಷ್ಟೇ ನಾಮಿನಿಯಿಂದ ತೀರ್ಮಾನ ಆಗುತ್ತದೆ. ಹಣ ಯಾರದ್ದು ಅನ್ನುವುದು ಉಯಿಲಿನಿಂದ ಅಥವಾ ಉತ್ತರಾಧಿಕಾರದಿಂದ. ಷೇರುಗಳ ನಾಮಿನಿಗೂ ಇದೇ ಮಾತು ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗಂತ ನಾಮಿನಿ ಹೆಸರು ಖಾಲಿ ಬಿಡಬೇಡಿ. ಇದ್ದರೆ ಹಣ ಬೇಗ ಕೈಗೆ ಬರುತ್ತದೆ. 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ಹೆಸರು ಕೊಡಬಹುದು. ಹಳೆಯ ಖಾತೆಗಳಲ್ಲಿ ತೀರಿಹೋದ ಅಮ್ಮನ ಹೆಸರೇ ಉಳಿದಿದೆಯಾ ನೋಡಿಕೊಳ್ಳಿ. ಹತ್ತರಲ್ಲಿ ಮೂರು ಮನೆಯಲ್ಲಿ ಹಾಗೇ ಇರುತ್ತದೆ.

ಬದುಕಿದ್ದಾಗಲೇ ಎಲ್ಲಾ ಮಗನ ಹೆಸರಿಗೆ ಮಾಡಿಬಿಟ್ಟರೆ ನಿಶ್ಚಿಂತೆ ಅಲ್ವಾ?

ನನ್ನ ಉತ್ತರ ಬೇಡ ಅಂತ. ಮಗ ಕೆಟ್ಟವನು ಅಂತಲ್ಲ. ಮಗನಿಗೆ ಸಾಲ ಆಗಬಹುದು, ಸಂಸಾರದಲ್ಲಿ ಬಿರುಕು ಬರಬಹುದು, ನಿಮಗಿಂತ ಮೊದಲೇ ಅವನಿಗೇ ಏನಾದರೂ ಆಗಬಹುದು. ಆಗ ನೀವು ಕೂತ ಮನೆಯೇ ನಿಮ್ಮದಲ್ಲ.

ಕೊಡಲೇಬೇಕು ಅನ್ನಿಸಿದರೆ ಸ್ವಲ್ಪ ಕೊಡಿ, ಮನೆ ಮತ್ತು ಉಣ್ಣಲು ಸಾಕಾಗುವಷ್ಟು ತೋಟ ನಿಮ್ಮ ಹೆಸರಿನಲ್ಲೇ ಇರಲಿ. ದಾನಪತ್ರದಲ್ಲಿ "ನಮ್ಮ ಜೀವಮಾನ ಇರುವವರೆಗೆ ಮನೆಯಲ್ಲಿ ವಾಸ ಮಾಡುವ ಹಕ್ಕು ನಮಗಿದೆ, ನಮ್ಮನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಸ್ಪಷ್ಟವಾಗಿ ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ವಾಪಸು ಕೇಳಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಸಾಗರ ಎರಡು ಕಡೆ ಆ ಕಚೇರಿ ಇದೆ. ಷರತ್ತು ಬರೆಯದೇ ಇದ್ದಾಗ ಅದನ್ನು ಸಾಧಿಸುವುದು ಬಹಳ ಕಷ್ಟ.

ಸೊಸೈಟಿಯಲ್ಲಿ ಬಡ್ಡಿ ಜಾಸ್ತಿ. ಠೇವಣಿ ಅಲ್ಲೇ ಇಡೋಣ್ವಾ?

ನಮ್ಮ ಸಹಕಾರ ಸಂಘಗಳ ಬಗ್ಗೆ ನನಗೆ ತುಂಬ ಗೌರವ ಇದೆ. ಅಡಿಕೆ ಬೆಳೆಗಾರರನ್ನು ಮಂಡಿ ಸಾಹುಕಾರರ ಕೈಯಿಂದ ಬಿಡಿಸಿದ್ದು ಸಹಕಾರವೇ. ಆದರೆ ಠೇವಣಿಯ ವಿಷಯದಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬ ಠೇವಣಿದಾರರಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಇದು 1 ಲಕ್ಷ ಮಾತ್ರ ಇತ್ತು. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಪತ್ತಿನ ಸೌಹಾರ್ದ ಸಹಕಾರಿ ಇವುಗಳಿಗೆ ಈ ವಿಮೆ ಇಲ್ಲ. ಹೆಸರಿನಲ್ಲಿ "ಸಹಕಾರಿ" ಇದ್ದರೆ ಸಾಲದು, ಅದು ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕಾ ಕೇಳಿ.

ಒಂದೇ ಬ್ಯಾಂಕಿನ ಸಾಗರ ಶಾಖೆ, ತೀರ್ಥಹಳ್ಳಿ ಶಾಖೆ ಎರಡರಲ್ಲೂ ಐದೈದು ಲಕ್ಷ ಇಟ್ಟರೆ ರಕ್ಷಣೆ ಹತ್ತಕ್ಕೆ ಆಗುವುದಿಲ್ಲ. ಎರಡೂ ಸೇರಿ ಐದಕ್ಕೇ. ಬೇರೆ ಬೇರೆ ಬ್ಯಾಂಕಿಗೆ ಹಂಚಿ. ಗಂಡ ಹೆಂಡತಿ ತಮ್ಮ ತಮ್ಮ ಹೆಸರಿನಲ್ಲಿ ಬೇರೆ ಬೇರೆ ಇಟ್ಟರೆ ಇಬ್ಬರಿಗೂ ಬೇರೆ ಬೇರೆ ರಕ್ಷಣೆ. ಸಂಘದಲ್ಲಿ ಇಡಬೇಡಿ ಅನ್ನುತ್ತಿಲ್ಲ. ನೀವು ಸರ್ವಸಭೆಗೆ ಹೋಗಿ ಲೆಕ್ಕಪರಿಶೋಧನಾ ವರದಿ ಓದುವ ಸಂಘ ಆದರೆ ಒಂದು ಪಾಲು ಇಡಿ. ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ತೆಗೆದಿಟ್ಟ ಹಣವನ್ನು ಒಂದು ಪರ್ಸೆಂಟ್ ಬಡ್ಡಿಯ ಆಸೆಗೆ ಅಲ್ಲಿ ಸೇರಿಸಬೇಡಿ.

ಗೆಳೆಯರ ಸಾಲಕ್ಕೆ ಜಾಮೀನು ಹಾಕಬಹುದಾ? ಇಲ್ಲ ಅನ್ನಲು ಆಗಲ್ಲ.

ನನ್ನ ಅಪ್ಪನಿಗೂ ಇಲ್ಲ ಅನ್ನಲು ಆಗಲಿಲ್ಲ. ಜೊತೆಯಲ್ಲಿ ಶಾಲೆಗೆ ಹೋದವರು, ಲಾರಿ ತೆಗೆದುಕೊಳ್ಳಲು ಸಾಲ ಕೇಳಿದ್ದರು. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಸಹಿ ಹಾಕಿದರು. ನಾಲ್ಕು ವರ್ಷದ ಮೇಲೆ, ಆಷಾಢದ ಒಂದು ಮಧ್ಯಾಹ್ನ, ಅಂಚೆಯವರು ಪ್ಲಾಸ್ಟಿಕ್ ಕೊಟ್ಟೆಯೊಳಗಿಂದ ಒಂದು ನೋಟಿಸು ತೆಗೆದು ಕೊಟ್ಟರು. ಅಪ್ಪ ಅದನ್ನು ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. ಅಮ್ಮನಿಗೆ ಹೇಳಿದ್ದು ಮೂರು ದಿನ ಬಿಟ್ಟು. ಆ ವರ್ಷ ಬೆಲೆ ಬರಲಿ ಅಂತ ಕಾದಿಟ್ಟಿದ್ದ ರಾಶಿ ಅಡಿಕೆಯನ್ನೆಲ್ಲ ಕಡಿಮೆ ಬೆಲೆಗೆ ಕೊಟ್ಟು ತೀರಿಸಿದೆವು. ಅಕ್ಕನ ಮದುವೆ ಒಂದು ವರ್ಷ ಮುಂದೆ ಹೋಯಿತು.

ಕಾನೂನು ಹೇಳುವುದಿಷ್ಟು: ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲ ಕೊಟ್ಟವರು ಮೊದಲು ಸಾಲಗಾರನನ್ನೇ ಹಿಡಿಯಬೇಕು ಅಂತಿಲ್ಲ, ನೇರ ನಿಮ್ಮ ಹತ್ತಿರ ಬರಬಹುದು. ಅನುಕೂಲಸ್ಥರ ಹತ್ತಿರವೇ ಮೊದಲು ಬರುತ್ತಾರೆ. ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ. ಈ ಹಣ ಪೂರ್ತಿ ನನ್ನ ಕೈಯಿಂದಲೇ ಹೋದರೂ ಮನೆ ನಡೆಯುತ್ತದೆ ಅನ್ನುವಷ್ಟು ಮೊತ್ತಕ್ಕೆ ಮಾತ್ರ, ಮನೆಯವರನ್ನು ಕೇಳಿ, ಸಹಿ ಹಾಕಿ. ಇಲ್ಲದಿದ್ದರೆ ಕೈಲಾದ ಸಹಾಯವನ್ನು ನೇರ ಕೊಟ್ಟುಬಿಡಿ. "ನಮ್ಮ ಮನೆಯಲ್ಲಿ ಯಾರೂ ಜಾಮೀನು ಹಾಕಲ್ಲ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೀವಿ" ಅಂದರೆ ಜನ ಒಪ್ಪುತ್ತಾರೆ. ನಾನು ಹಾಗೇ ಹೇಳುತ್ತೇನೆ.

ಅಡಿಕೆಗೆ ಇಷ್ಟು ಬೆಲೆ ಇರುವಾಗ ಬೇರೆ ಕಡೆ ಯಾಕೆ ಹಣ ಹಾಕಬೇಕು?

ಅಡಿಕೆಯೇ ಈ ಸೀಮೆಯನ್ನು ಮೇಲೆ ತಂದಿದ್ದು. ಅದನ್ನು ಬಿಡಿ ಅಂತ ಯಾರೂ ಹೇಳಬಾರದು. ಆದರೆ ಅದರ ಮೇಲಿರುವ ಭಾರ ನೋಡಿ. ಕ್ವಿಂಟಾಲಿಗೆ ಹತ್ತಿಪ್ಪತ್ತು ಸಾವಿರ ಏರಿ ಇಳಿದಿದ್ದನ್ನು ಎಲ್ಲರೂ ಕಂಡಿದ್ದೇವೆ. ಆಮದಿನ ಕನಿಷ್ಠ ಬೆಲೆಯನ್ನು 2023ರಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದಾರೆ. ನಮ್ಮ ಬೆಲೆ ಇಂಥ ಒಂದು ಆದೇಶಕ್ಕೆ ಆತುಕೊಂಡಿದೆ ಅಂತಾಯ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಆ ಬಗ್ಗೆ ನಮಗೆ ಬೇಸರ ಇರಬಹುದು, ಅಪಾಯದ ಲೆಕ್ಕದಲ್ಲಿ ಅದನ್ನು ಬಿಡಲು ಬರುವುದಿಲ್ಲ. ಇನ್ನು ಕೊಳೆ, ಎಲೆಚುಕ್ಕೆ ರೋಗಗಳು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನು ಏನು ಮಾಡಿತು ಅಂತ ಅಲ್ಲಿನ ನೆಂಟರನ್ನು ಕೇಳಿ. ಹೊಸ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷವಾದರೂ ಬೇಕು. ಆ ಐದಾರು ವರ್ಷ ಊಟಕ್ಕೆ ಎಲ್ಲಿಂದ?

ನಾನು ಹೇಳುವುದು ಇಷ್ಟೇ. ಮನೆ ಮತ್ತು ತೋಟದ ಎರಡು ವರ್ಷದ ಖರ್ಚು ಬ್ಯಾಂಕಿನಲ್ಲಿರಲಿ. ಒಳ್ಳೆ ಬೆಲೆ ಬಂದ ವರ್ಷದ ಹಣದಲ್ಲಿ ಪಕ್ಕದ ತೋಟವನ್ನೇ ಮತ್ತೆ ಕೊಳ್ಳುವ ಬದಲು ಅರ್ಧವನ್ನಾದರೂ ಈ ಕಣಿವೆಯ ಆಚೆ ಇಡಿ. ಸರ್ಕಾರಿ ಬಾಂಡು, ಅಂಚೆ ಉಳಿತಾಯ, ಮ್ಯೂಚುವಲ್ ಫಂಡು, ನಿಮಗೆ ಅರ್ಥವಾಗುವ ಯಾವುದಾದರೂ ಸರಿ. ಫಸಲನ್ನು ಒಂದೇ ದಿನ ಮಾರಬೇಡಿ, ಮೂರು ನಾಲ್ಕು ಕಂತಿನಲ್ಲಿ ಕೊಡಿ. ಕಾಳುಮೆಣಸು ಹಬ್ಬಿಸಿ. ಮೆಣಸಿನ ಹಣದಲ್ಲೇ ಮಕ್ಕಳನ್ನು ಓದಿಸಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಬೆಳೆ ವಿಮೆ ಕಟ್ಟಿದರೂ ಹಣ ಬರಲಿಲ್ಲ. ಮತ್ತೆ ಕಟ್ಟಬೇಕಾ?

ಕಟ್ಟಿ. ಅಡಿಕೆ, ಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ನಿಮ್ಮ ತೋಟಕ್ಕೆ ಬಂದು ಯಾರೂ ಕೊಳೆ ನೋಡುವುದಿಲ್ಲ. ನಿಮ್ಮ ಭಾಗದ ಮಳೆ ಮಾಪನ ಕೇಂದ್ರದ ಲೆಕ್ಕದ ಮೇಲೆ ಪರಿಹಾರ ತೀರ್ಮಾನ ಆಗುತ್ತದೆ. ರೈತರ ಪಾಲಿನ ಕಂತು ವಿಮಾ ಮೊತ್ತದ ಶೇ. 5, ಉಳಿದದ್ದು ಸರ್ಕಾರದ್ದು. ಹಣ ಬರದಿರಲು ಇನ್ನೊಂದು ಕಾರಣ ಬೆಳೆ ಸಮೀಕ್ಷೆ. ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಭತ್ತ ಅಂತ ದಾಖಲಾಗಿದ್ದರೆ ಅಡಿಕೆಗೆ ಕಟ್ಟಿದ್ದು ತಿರಸ್ಕಾರ ಆಗಬಹುದು. ಮಳೆಗಾಲ ಶುರುವಾಗುವಾಗಲೇ ನೋಡಿಕೊಳ್ಳಿ.

ಮನೆಗೆ, ಅಟ್ಟದ ಮೇಲಿನ ಅಡಿಕೆಗೆ, ಒಡವೆಗೆ ವಿಮೆ ಇದೆಯಾ?

ಇದೆ, ಮೂರಕ್ಕೂ ಬೇರೆ ಬೇರೆ. ಮನೆಗೆ 2021ರಿಂದ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಬೆಂಕಿ, ಸಿಡಿಲು, ನೆರೆ, ಗುಡ್ಡ ಕುಸಿತ ಎಲ್ಲ ಸೇರುತ್ತದೆ. ಮರದ ಕಂಬ, ಮರದ ಮುಚ್ಚಿಗೆಯ ನಮ್ಮ ಹಳೇ ಮನೆಗಳಿಗೆ ಇದು ಬೇಕೇ ಬೇಕು. ಬರೀ ಕಳ್ಳತನ ಇದರಲ್ಲಿ ಬರುವುದಿಲ್ಲ. ಅಡಿಕೆ ದಾಸ್ತಾನಿಗೆ ಬೆಂಕಿ ಮತ್ತು ಕಳ್ಳತನದ ಪಾಲಿಸಿ ಬೇರೆ ಮಾಡಿಸಿ. ಕೊಯ್ಲು ಮುಗಿದ ಮೇಲೆ ಮನೆಯೊಳಗೆ ಇಪ್ಪತ್ತು ಮೂವತ್ತು ಲಕ್ಷದ ಮಾಲು ಇರುತ್ತದೆ, ರಕ್ಷಣೆಗೆ ಇರುವುದು ಒಂದು ಚಿಲಕ ಮತ್ತು ನಾಯಿ.

ಒಡವೆ ಲಾಕರಿನಲ್ಲಿದ್ದರೆ ಬ್ಯಾಂಕು ಅದಕ್ಕೆ ವಿಮೆ ಮಾಡಿಸಿರುವುದಿಲ್ಲ. ಬೆಂಕಿ, ಕಳ್ಳತನ, ಸಿಬ್ಬಂದಿ ಮೋಸದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಬಾಡಿಗೆ 2,000 ಆದರೆ 2 ಲಕ್ಷ. ಇವತ್ತಿನ ಬಂಗಾರದ ಬೆಲೆಯಲ್ಲಿ ಅದು ಎಷ್ಟಕ್ಕೆ ಸಾಲುತ್ತದೆ ನೀವೇ ಲೆಕ್ಕ ಹಾಕಿ. ಒಡವೆಗಳ ಫೋಟೋ, ತೂಕದ ಪಟ್ಟಿ ಇಟ್ಟುಕೊಳ್ಳಿ.

ಅಡಿಕೆ ಕೊನೆ (ಗೊನೆ) ತೆಗೆಯುವಾಗ ಯಾರಾದರೂ ಬಿದ್ದರೆ?

ಮೊದಲ ಚಿಂತೆ ಬಿದ್ದವರ ಮನೆಯದ್ದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆಯಲ್ಲಿ 2 ಲಕ್ಷದ ಅಪಘಾತ ರಕ್ಷಣೆ ಇದೆ, 18ರಿಂದ 70 ವರ್ಷದವರಿಗೆ. ನಿಮ್ಮ ತೋಟಕ್ಕೆ ಬರುವ ಎಲ್ಲರಿಗೂ ಇದು ಆಗಿದೆಯಾ ಕೇಳಿ, ಆಗದಿದ್ದರೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿ. ಜೊತೆಗೆ ನೀವೇ ಒಂದು ಗುಂಪು ಅಪಘಾತ ಪಾಲಿಸಿ ಮಾಡಿಸಿ. ಸಾಧ್ಯವಿದ್ದಲ್ಲಿ ಫೈಬರ್ ದೋಟಿ (ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದ ಕೋಲು) ಬಳಸಿ. ಮರ ಹತ್ತುವುದೇ ತಪ್ಪಿದರೆ ಅದಕ್ಕಿಂತ ದೊಡ್ಡ ವಿಮೆ ಇಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಮಾಲೀಕರು ಪರಿಹಾರ ಕೊಡಬೇಕು ಅಂತ 1923ರ ಕಾಯ್ದೆಯೇ ಹೇಳಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಹೇಳುತ್ತದೆ.

ನಮ್ಮ ಹತ್ತಿರ ಹಣ ಇದೆ. ಆರೋಗ್ಯ ವಿಮೆ, ಜೀವ ವಿಮೆ ಯಾಕೆ?

ಹಣ ಇದೆ, ಆದರೆ ಅದು ತೋಟದಲ್ಲಿದೆ. ರಾತ್ರಿ ಹನ್ನೊಂದಕ್ಕೆ ಮಂಗಳೂರಿಗೋ ಮಣಿಪಾಲಕ್ಕೋ ಹೊರಟಾಗ ತೋಟ ಮಾರಲು ಆಗುವುದಿಲ್ಲ. ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಬಿ.ಪಿ., ಶುಗರ್ ಮುಚ್ಚಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ, ಜೀವ ವಿಮೆಗೆ ಜಿಎಸ್‌ಟಿ ಇಲ್ಲ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ಬಿಡಬೇಡಿ.

ಜೀವ ವಿಮೆಯಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವ್ಯಾಪಾರ ಇರುವವರು, ದೊಡ್ಡ ಸಾಲ ಇರುವವರು ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಿದರೆ ಆ ಹಣ ಹೆಂಡತಿ ಮಕ್ಕಳಿಗೇ ಮೀಸಲು. ಸಾಲ ಕೊಟ್ಟವರು ಅದಕ್ಕೆ ಕೈ ಹಾಕಲು ಬರುವುದಿಲ್ಲ. 1874ರ ಕಾಯ್ದೆ ಅದು. ಪಾಲಿಸಿ ಮಾಡಿಸುವಾಗಲೇ ಹೇಳಬೇಕು, ಆಮೇಲೆ ಸೇರಿಸಲು ಆಗುವುದಿಲ್ಲ.

ಮಗಳು ಅಮೆರಿಕದಲ್ಲಿದ್ದಾಳೆ. ತೋಟ ಅವಳಿಗೆ ಬರಬಹುದಾ?

ಉತ್ತರಾಧಿಕಾರದಿಂದ ಬರಬಹುದು. ಅನಿವಾಸಿ ಭಾರತೀಯರು ಕೃಷಿ ಭೂಮಿ ಕೊಳ್ಳಲು ಬರುವುದಿಲ್ಲ, ಪಿತ್ರಾರ್ಜಿತವಾಗಿ ಪಡೆಯಲು ಅಡ್ಡಿಯಿಲ್ಲ. ಮುಂದೆ ಮಾರಿದರೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ, ತೆರಿಗೆ ಮತ್ತು ಕಾಗದಪತ್ರ ಸರಿಮಾಡಿ, ಅಲ್ಲಿಗೆ ಒಯ್ಯಬಹುದು. ಅವಳು ಬಂದಾಗಲೇ ಸ್ಥಳೀಯವಾಗಿ ನಂಬಿಕಸ್ಥರಿಗೆ, ಬೇಕಾದ ಕೆಲಸಗಳಿಗೆ ಮಾತ್ರ, ಅಧಿಕಾರ ಪತ್ರ ಮಾಡಿಸಿಡಿ. ಎಲ್ಲಾ ಅಧಿಕಾರ ಒಬ್ಬರಿಗೇ ಬರೆದುಕೊಡಬೇಡಿ.

ಅಪ್ಪನ ಆಸ್ತಿ ಬಂದರೆ ತೆರಿಗೆ ಕಟ್ಟಬೇಕಾ? ತೋಟ ಮಾರಿದರೆ?

ಆಸ್ತಿ ಬಂದದ್ದಕ್ಕೆ ತೆರಿಗೆ ಇಲ್ಲ. ಮರಣ ತೆರಿಗೆ 1985ರಲ್ಲೇ ಹೋಯಿತು. ಹತ್ತಿರದ ಸಂಬಂಧಿಗಳ ಕೊಡುಗೆಗೂ ತೆರಿಗೆ ಇಲ್ಲ. ಗ್ರಾಮೀಣ ಕೃಷಿ ಭೂಮಿ ಮಾರಿದರೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ, ಆದರೆ ದೂರ ಮುಖ್ಯ. ಸಾಗರ, ತೀರ್ಥಹಳ್ಳಿಯಂಥ ಪಟ್ಟಣದ ಗಡಿಯಿಂದ 2 ಕಿ.ಮೀ., ಶಿವಮೊಗ್ಗದ ಗಡಿಯಿಂದ 6 ಕಿ.ಮೀ. ಒಳಗಿದ್ದರೆ ತೆರಿಗೆ ಇದೆ. ದೂರವನ್ನು ರಸ್ತೆಯ ಮೇಲೆ ಅಳೆಯುವುದಿಲ್ಲ, ನೇರ ಗೆರೆ ಎಳೆದು ಅಳೆಯುತ್ತಾರೆ. ಮಾರುವಾಗ ಮುಂಗಡವೂ ಸೇರಿ ನಗದಾಗಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ, ಅಷ್ಟೇ ಮೊತ್ತದ ದಂಡ ಬೀಳಬಹುದು.

ಫ್ಯಾಮಿಲಿ ಟ್ರಸ್ಟ್ ಮಾಡಿಸಿ ಅಂತಾರೆ. ಬೇಕಾ?

ಹೆಚ್ಚಿನ ಮನೆಗಳಿಗೆ ಬೇಡ. ಸರಿಯಾದ ಉಯಿಲು, ಸರಿಯಾದ ಪಾಲು ಸಾಕು. ಒಂದು ಸಂದರ್ಭದಲ್ಲಿ ಮಾತ್ರ ನಾನೇ ಒತ್ತಾಯ ಮಾಡುತ್ತೇನೆ: ತನ್ನ ವ್ಯವಹಾರ ತಾನು ನೋಡಿಕೊಳ್ಳಲಾಗದ ಮಗು ಮನೆಯಲ್ಲಿದ್ದಾಗ. ನಮ್ಮ ನಂತರ ಇವನ ಗತಿ ಏನು ಅನ್ನುವ ತಂದೆ ತಾಯಿಗೆ ಟ್ರಸ್ಟ್ ಒಂದು ದಾರಿ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಡಿ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಪಾಲಕರನ್ನೂ ನೇಮಿಸಿಕೊಳ್ಳಬಹುದು.

"ಡಿಜಿಟಲ್ ಅರೆಸ್ಟ್" ಅಂತ ಫೋನ್ ಬಂದರೆ?

ಪೊಲೀಸರ ಹೆಸರಿನಲ್ಲಿ ಹೆದರಿಸಿ ಹಣ ಕೀಳುವ ಮೋಸ ಇದು. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಂದು ಗಂಟೆ ತಡವಾದರೂ ವ್ಯತ್ಯಾಸ ಆಗುತ್ತದೆ. ಹಳ್ಳಿಮನೆಯಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನಿಗೆ ಇದನ್ನು ಇವತ್ತೇ ಹೇಳಿ.

ಅಪ್ಪನ ಹತ್ತಿರ ಉಯಿಲಿನ ಮಾತು ತೆಗೆಯಲು ಆಗುತ್ತಿಲ್ಲ. ಸಾವಿನ ಮಾತು ಅಂದುಕೊಳ್ಳುತ್ತಾರೆ. ಹೇಗೆ ಶುರು ಮಾಡಲಿ?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದೇ. ಉಯಿಲು ಅಂತ ಶುರು ಮಾಡಬೇಡಿ. "ಅಪ್ಪಯ್ಯ, ಯಾವ ಸರ್ವೆ ನಂಬರು ಎಲ್ಲಿ ಬರುತ್ತೆ ನಂಗೆ ಗೊತ್ತೇ ಇಲ್ಲ, ಒಂದ್ಸಲ ತೋರಿಸಿ" ಅಂತ ತೋಟಕ್ಕೆ ಕರೆದುಕೊಂಡು ಹೋಗಿ.

ಹೊಸನಗರ ಕಡೆಯ ಒಂದು ಮನೆಯಲ್ಲಿ ಸೊಸೆ ಹೀಗೆ ಮಾಡಿದರು. ಸುಗ್ಗಿಯ ದಿನಗಳು, ರಾತ್ರಿ ಎಲ್ಲರೂ ಕೂತು ಅಡಿಕೆ ಸುಲಿಯುತ್ತಿದ್ದರು. ಸೊಸೆ ಒಂದು ಇನ್ನೂರು ಪುಟದ ನೋಟ್ ಪುಸ್ತಕ ತಂದು ಪಕ್ಕದಲ್ಲಿಟ್ಟುಕೊಂಡು ಮಾವನನ್ನು ಕೇಳುತ್ತಾ ಬರೆದರು. ಮೊದಲ ದಿನ ಬರೀ ಹಳ್ಳದಾಚೆಯ ತೋಟದ ಕಥೆ. ಅದನ್ನು ಯಾವ ಇಸವಿಯಲ್ಲಿ, ಯಾರಿಂದ, ಎಷ್ಟಕ್ಕೆ ಕೊಂಡದ್ದು. ಎರಡನೇ ದಿನ ಬಾವಿ, ಪಂಪ್‌ಸೆಟ್ಟು, ದಾಯಾದಿಗಳ ಜೊತೆ ನೀರಿನ ಸರದಿ ಹೇಗೆ. ಮೂರನೇ ದಿನ ಠೇವಣಿಗಳು. ಹನ್ನೆರಡು ರಾತ್ರಿ ಆಯಿತು. ಹದಿಮೂರನೇ ದಿನ ಮಾವನೇ ಸುಲಿಯುವ ಕತ್ತಿ ಕೆಳಗಿಟ್ಟು, "ಇನ್ನೊಂದು ಹಾಳೆ ತಗೊಳಮ್ಮ, ಯಾರಿಗೆ ಯಾವುದು ಅಂತಲೂ ಬರೆದುಬಿಡು" ಅಂದರು. ಆ ಪುಸ್ತಕ ಹಿಡಿದುಕೊಂಡು ಅವರಿಬ್ಬರೂ ನನ್ನ ಹತ್ತಿರ ಬಂದರು. ಹಾಳೆಗಳಿಗೆ ಅಡಿಕೆ ಚೊಗರಿನ ಬೆರಳಚ್ಚು ಅಂಟಿತ್ತು.